ಬ್ಯಾಂಕಾಕ್ ಕೆಲಸ, ಮ್ಯಾನ್ಮಾರ್ ಸೆರೆ

ಬ್ಯಾಂಕಾಕ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ. ಕೈತುಂಬ ಸಂಬಳ, ಊಟ-ವಸತಿ ಉಚಿತ. ಇಂಟರ್‌ವ್ಯೂ? ಹೆಸರಿಗಷ್ಟೇ.

ಇಂಥ ಆಫರ್ ನಂಬಿ ಹೊರಟ ಐಟಿ ಹುಡುಗರನ್ನು ಅಕ್ರಮವಾಗಿ ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಸಾಗಿಸಲಾಗುತ್ತಿದೆ ಎಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. ಅಲ್ಲಿ ಕಾದಿರುವ ಕೆಲಸವೋ, ಕ್ರಿಪ್ಟೊ ಹೆಸರಲ್ಲಿ ಜನರಿಗೆ ಟೋಪಿ ಹಾಕುವುದು! ಮೋಸ ಹೋದವರ ಕೈಯಲ್ಲೇ ಮೋಸ ಮಾಡಿಸುವ ದಂಧೆ ಇದು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಇಂಥ 549 ಭಾರತೀಯರನ್ನು ವಾಪಸ್ ಕರೆತಂದವು.

ಏಜೆಂಟ್ ಅಸಲಿಯೇ? ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿದರೆ ಗೊತ್ತಾಗುತ್ತದೆ. ನೋಂದಾಯಿತ ಏಜೆಂಟ್ ಕೂಡ ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. "ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ" ಎನ್ನುವವನ ಹತ್ತಿರ ಮಾತೇ ಬೇಡ.

ಆನ್‌ಲೈನ್‌ನಲ್ಲಿ ದುಡ್ಡು ಈಗಾಗಲೇ ಕೈಬಿಟ್ಟಿದ್ದರೆ, ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.