ಗಂಜಿನಲ್ಲಿ ಕೇಳಿದ ಮಾತು

2017ರ ಆರಂಭದಲ್ಲಿ ಕಮಲಾಪುರದಿಂದ ಕಲಬುರಗಿ ಗಂಜಿಗೆ, ಅಂದರೆ ಕಾಳಿನ ಪೇಟೆಗೆ, ತೊಗರಿ ತಂದಿದ್ದೆ. ಚಹಾದಂಗಡಿಯ ಟಿವಿಯಲ್ಲಿ ಒಂದೇ ಸುದ್ದಿ: ದರ ಕುಸಿತ. "ಕಾಕಾ, ನಾಳಿಗಿ ಇನ್ನಾ ಇಳೀತದ, ಇವತ್ತೇ ಕೊಟ್ಟುಬಿಡ್ರಿ" ಎಂದ ಪಕ್ಕದ ಹುಡುಗ. ಕೊಟ್ಟೆ. ಹೆದರಿದವರೆಲ್ಲ ಒಟ್ಟಿಗೇ ಚೀಲ ಬಿಚ್ಚಿದರೆ ದರ ಇಳಿಯದೆ ಏನಾದೀತು? ದೇಶದ ವ್ಯವಹಾರವೂ ಹೀಗೇ. ಮಂದಿ ಅಂಜಿ ಖರ್ಚು ನಿಲ್ಲಿಸಿದರೆ ಅಂಗಡಿಯ ವ್ಯಾಪಾರ, ಕೂಲಿಯವರ ಕೆಲಸ ಎರಡೂ ನಿಲ್ಲುತ್ತವೆ.

ಹಾಗಂತ ಸುದ್ದಿಯೊಂದೇ ದರ ಇಳಿಸಲಿಲ್ಲ. ದೇಶದ ತೊಗರಿ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿನಾಚೆಗೆ ಏರಿತ್ತು. ಮ್ಯಾನ್ಮಾರ್, ಆಫ್ರಿಕಾದ ಕಾಳೂ ಬಂದಿತ್ತು. ಆಗ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇತ್ತು. ಪೇಟೆ ದರ ಅದಕ್ಕಿಂತ ಕೆಳಗಿತ್ತು. ದರ ಕುಸಿದದ್ದನ್ನು ಮುಚ್ಚಿಡಿ ಎಂದು ಟಿವಿಯವರಿಗೆ ಹೇಳಲಾರೆ. ಆದರೆ ಬೆಂಬಲ ಬೆಲೆಗೆ ಕೊಳ್ಳುವ ಖರೀದಿ ಕೇಂದ್ರ ಎಲ್ಲಿದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದ್ದರೆ, ಅವತ್ತು ನಾನು ಚೀಲ ಬಿಚ್ಚುತ್ತಿರಲಿಲ್ಲ.