ನಮ್ಮೂರ ರಸ್ತೆಗೆ ರ‍್ಯಾಲಿ ಬರುವುದೇ?

“ತಾತ, ಚಿಕ್ಕಮಗಳೂರಿಗೆ ಬಂದ ಕಾರ್ ರ‍್ಯಾಲಿ ನಮ್ಮ ನಂಜನಗೂಡಿಗೆ ಯಾಕೆ ಬರಲಿಲ್ಲ?”

ಆರನೇ ತರಗತಿಯಲ್ಲಿ ಓದುವ ಮೊಮ್ಮಗನ ಪ್ರಶ್ನೆ ಇದು. ನಂಜನಗೂಡಿನಿಂದ ಟಿ. ನರಸೀಪುರದವರೆಗಿನ ದಾರಿಯ ನಕ್ಷೆ ಬರೆದು, ಕೆಂಪು ಪೆನ್ಸಿಲಿನಲ್ಲಿ ‘ಸ್ಟಾರ್ಟ್’, ‘ಫಿನಿಶ್’ ಎಂದು ಗುರುತು ಹಾಕಿದ್ದ. ಗದ್ದೆ, ಕಬ್ಬಿನ ತೋಟ, ಕೊನೆಗೆ ಕಾವೇರಿ-ಕಪಿಲಾ ಸಂಗಮ. ಇದಕ್ಕಿಂತ ಚೆಂದದ ದಾರಿ ಬೇಕೇ ಎಂಬುದು ಅವನ ವಾದ. ಜಿಲ್ಲಾಧಿಕಾರಿಗೆ ಪತ್ರ ಬರೆದುಕೊಡು ಎಂದು ಹಟ ಬೇರೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅರ್ಜಿ ಚೆಂದವಾಗಿದ್ದರೆ ಸಾಲದು, ಲೆಕ್ಕ ತಾಳೆಯಾಗಬೇಕು. “ಮೊದಲು ಲೆಕ್ಕ ನೋಡೋಣ ಬಾ” ಎಂದೆ.

ಮಕ್ಕಳೇ, ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಅಂತರ ಬಿಟ್ಟು ಒಂದೊಂದಾಗಿ ಹೊರಡುತ್ತವೆ. ಪಂದ್ಯ ಗಡಿಯಾರದ ಜೊತೆ. ಪಕ್ಕದಲ್ಲಿ ಕುಳಿತ ಸಹಚಾಲಕ ಮುಂದಿನ ತಿರುವುಗಳನ್ನು ಓದಿ ಹೇಳುತ್ತಾನೆ. ವೇಗದ ಓಟ ನಡೆಯುವ ದಾರಿಯ ತುಂಡಿಗೆ ‘ಸ್ಪೆಷಲ್ ಸ್ಟೇಜ್’ ಎನ್ನುತ್ತಾರೆ. ಅಲ್ಲಿ ಬೇರೆ ಒಂದು ಸೈಕಲ್ ಕೂಡ ಇರಕೂಡದು.

ಅಂತರರಾಷ್ಟ್ರೀಯ ರ‍್ಯಾಲಿಗಳ ಮೇಲ್ವಿಚಾರಣೆ ಎಫ್‌ಐಎ ಎಂಬ ಸಂಸ್ಥೆಯದು. ಜಾಗ ಒಪ್ಪಬೇಕಾದರೆ ಆಸ್ಪತ್ರೆ ಹತ್ತಿರವಿದೆಯೇ, ಉಳಿಯಲು ಹೋಟೆಲುಗಳಿವೆಯೇ, ಕಾರು ರಿಪೇರಿಗೆ ವಿಶಾಲ ಮೈದಾನವಿದೆಯೇ ಎಂದೆಲ್ಲ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ದಾರಿಯನ್ನು ಪೂರ್ತಿ ಮುಚ್ಚಲು ಸಾಧ್ಯವೇ ಎಂಬುದು.

ಚಿಕ್ಕಮಗಳೂರು ಗೆದ್ದದ್ದು ಇಲ್ಲೇ. 2015, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಅಲ್ಲಿ ನಡೆಯಿತು. ಕಾಫಿ ತೋಟಗಳೊಳಗಿನ ಮಣ್ಣಿನ ದಾರಿಗಳು ಖಾಸಗಿಯವು. ಮಾಲೀಕರು ಒಪ್ಪಿದರೆ ಗೇಟು ಹಾಕಬಹುದು. ನಮ್ಮ ದೇಶದ ಗೌರವ್ ಗಿಲ್ ಆ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದರು.

ಕೀನ್ಯಾದಲ್ಲಿ 1953ರಲ್ಲಿ ಶುರುವಾದ ಸಫಾರಿ ರ‍್ಯಾಲಿ ಮೊದಲು ಜನ ಓಡಾಡುವ ತೆರೆದ ರಸ್ತೆಗಳಲ್ಲೇ ನಡೆಯುತ್ತಿತ್ತು. 2002ರ ನಂತರ ಅದು ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಬಿತ್ತು. 2021ರಲ್ಲಿ ಮರಳಿ ಬಂದದ್ದು ನೈವಾಶಾ ಸುತ್ತಮುತ್ತ, ಮುಚ್ಚಿದ ದಾರಿಗಳಲ್ಲಿ.

ಮುಚ್ಚಿದರೂ ಸಾಲದು, ಕಾಯಬೇಕು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ದಾರಿಗೆ ಬೈಕೊಂದು ಬಂದುಬಿಟ್ಟಿತು. ಒಂದೇ ಕುಟುಂಬದ ಮೂವರು ತೀರಿಕೊಂಡರು.

ಇದನ್ನು ಕೇಳಿ ಮೊಮ್ಮಗ ಸುಮ್ಮನಾದ. ಮರುದಿನ ಬೆಳಿಗ್ಗೆ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ದಾರಿಯಲ್ಲೇ ಹೊರಟೆ. ಒಂದು ಮರದ ನೆರಳಲ್ಲಿ ಕುಳಿತು, ಬಂದವರನ್ನೆಲ್ಲ ಬರೆದುಕೋ ಎಂದೆ. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಕಬ್ಬಿನ ಟ್ರ್ಯಾಕ್ಟರ್, ಕುರಿಮಂದೆ, ತಾಲ್ಲೂಕು ಕಚೇರಿಗೆ ಹೊರಟ ಅಜ್ಜಿ. ಸ್ವಲ್ಪ ದೂರದಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಹಾಗೆ ಹರಡುವುದು ಸರಿಯಲ್ಲ ಅನ್ನಿ. ಆದರೆ ಕಣವಿಲ್ಲದವರಿಗೆ ರಸ್ತೆಯೇ ಕಣ. ಅವನ ಪುಟ ತುಂಬಿತು.

ಆಗ ಅವನಿಗೆ ಹಳೆಯ ಕತೆ ಹೇಳಿದೆ. 1984ರಲ್ಲಿ ನಿನ್ನ ಅಜ್ಜಿಗೆ ಹೆರಿಗೆ ನೋವು ಬಂತು. ತವರು ಟಿ. ನರಸೀಪುರದಿಂದ ಬಾಡಿಗೆ ಕಾರಿನಲ್ಲಿ ಹೊರಟರೆ, ದಾರಿಯಲ್ಲಿ ಕಬ್ಬಿನ ಲಾರಿ ಮಗುಚಿ ರಸ್ತೆ ಬಂದ್. ಊರಿನವರು ಬಂದು ಕಬ್ಬು ಸರಿಸುವ ತನಕ ಒಂದು ಗಂಟೆ ಕಾದೆವು. ಆ ಗಂಟೆಯಷ್ಟು ಉದ್ದದ ಗಂಟೆಯನ್ನು ನಾನು ಮತ್ತೆ ಕಂಡಿಲ್ಲ.

“ಆಗ ಹುಟ್ಟಿದ್ದು ಅಮ್ಮನಾ?”

“ಹೂಂ ಕಣೋ.”

ನಕ್ಷೆಯ ಮೇಲಿನ ಕೆಂಪು ಗುರುತನ್ನು ಅವನೇ ರಬ್ಬರಿನಿಂದ ಅಳಿಸಿದ. “ಪತ್ರ ಬೇಡ ತಾತ. ಚಿಕ್ಕಮಗಳೂರಲ್ಲಿ ಮತ್ತೆ ನಡೆದರೆ ಕರಕೊಂಡು ಹೋಗು.”

ಹೋಗೋಣ ಎಂದಿದ್ದೇನೆ. ಷರತ್ತು ಒಂದೇ: ಕಟ್ಟಿದ ಹಗ್ಗದ ಈಚೆಗೇ ನಿಲ್ಲಬೇಕು, ತಾತನ ಕೈ ಬಿಡಬಾರದು.