ಗ್ಯಾಸ್ಟ್ರಿಕ್ ಮಾತ್ರೆ ಎಲ್ಲಿಯವರೆಗೆ?

ಬೆಳಗಿನ ಕಾಫಿಗೆ ಮುಂಚೆ ಒಂದು ಪ್ಯಾಂಟೊಪ್ರಜೋಲ್ ನುಂಗುವುದು ಎಷ್ಟೋ ಮನೆಗಳಲ್ಲಿ ಹಲ್ಲುಜ್ಜಿದಷ್ಟೇ ಸಹಜವಾಗಿಬಿಟ್ಟಿದೆ. ಯಾವತ್ತೋ ಡಾಕ್ಟರು ಹದಿನೈದು ದಿನಕ್ಕೆಂದು ಬರೆದುಕೊಟ್ಟಿದ್ದು. ಚೀಟಿ ಎಲ್ಲೋ ಹೋಯಿತು, ಮಾತ್ರೆ ಮಾತ್ರ ಉಳಿಯಿತು. ಕಾನೂನಿನ ಪ್ರಕಾರ ಇದನ್ನು ಚೀಟಿಯಿಲ್ಲದೆ ಮಾರುವಂತಿಲ್ಲ; ಆ ಚೀಟಿಯನ್ನು ಮೆಡಿಕಲ್ ಶಾಪಿನಲ್ಲಿ ಕೇಳುವವರು ಯಾರು?

ಮಾತ್ರೆ ಕೆಟ್ಟದ್ದಲ್ಲ. ಜಠರದಲ್ಲಿ ಆಮ್ಲ ಸುರಿಸುವ ಪಂಪನ್ನೇ ಅದು ತಡೆಯುತ್ತದೆ, ಉರಿ ಇಳಿಯುತ್ತದೆ. ತೊಡಕಿರುವುದೂ ಅಲ್ಲೇ. ಉರಿ ರಾತ್ರಿ ಹತ್ತೂವರೆಯ ಊಟದಿಂದ ಬಂದಿರಲಿ, ಹುಣ್ಣಿನಿಂದ ಬಂದಿರಲಿ, ಕೆಲವೊಮ್ಮೆ ಆರಂಭದ ಹಂತದ ಕ್ಯಾನ್ಸರಿನಿಂದಲೇ ಬಂದಿರಲಿ, ಸ್ವಲ್ಪ ಕಾಲ ಇಳಿದೇ ಇಳಿಯುತ್ತದೆ. ಹಾಗಾಗಿ 'ಮಾತ್ರೆ ತಗೊಂಡರೆ ಸರಿಹೋಗುತ್ತೆ' ಎಂಬ ಮಾತಿನಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ, ನಾಲ್ಕರಿಂದ ಎಂಟು ವಾರ ಕ್ರಮವಾಗಿ ತೆಗೆದುಕೊಂಡ ಮೇಲೂ ಉರಿ ಹೋಗದಿದ್ದರೆ, ಅಥವಾ ಬಿಟ್ಟಾಗಲೆಲ್ಲ ಮರಳಿದರೆ, ಕಾರಣ ಹುಡುಕಲೇಬೇಕು. ತಿಂಗಳುಗಟ್ಟಲೆ ನುಂಗಿ ಥಟ್ಟನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಉಕ್ಕುವುದುಂಟು, ಆದ್ದರಿಂದ ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸುವುದು ಲೇಸು. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು; ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ.

ಎಂಟು ವಾರ ಕಾಯಲೇಬಾರದ ಲಕ್ಷಣಗಳಿವೆ. ಎಲ್ಲಕ್ಕಿಂತ ಸದ್ದಿಲ್ಲದೆ ಬರುವುದು ನುಂಗುವ ತೊಂದರೆ. ಮೊದಲು ಚಪಾತಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ಗಂಜಿ. ನಡುವಿನ ತಿಂಗಳುಗಳಲ್ಲಿ ಮನೆಯವರು ಅನ್ನವನ್ನು ಮೆತ್ತಗೆ ಮಾಡಿ, ಸಾರು ಹೆಚ್ಚು ಹಾಕಿ, ಹೊಂದಿಕೊಂಡುಬಿಟ್ಟಿರುತ್ತಾರೆ. ಪಥ್ಯ ಮಾಡದೆ ತೂಕ ಇಳಿಯುವುದೂ ಹಾಗೇ, 'ಸಣ್ಣಗಾಗಿದ್ದೀರಿ, ಚೆನ್ನಾಗಿ ಕಾಣ್ತೀರಿ' ಎನ್ನುವವರೇ ಹೆಚ್ಚು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯಿಂದ ಹಿಮೋಗ್ಲೋಬಿನ್ ಕುಸಿದರೆ ಟಾನಿಕ್ ಕುಡಿಸಿ ಸುಮ್ಮನಾಗುವಂತಿಲ್ಲ, ರಕ್ತ ಎಲ್ಲಿ ಸೋರುತ್ತಿದೆ ಎಂದು ಕೇಳಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಡಾಂಬರಿನಂತೆ ಅಂಟುವ, ಗಬ್ಬು ನಾರುವ ಕಪ್ಪು ಮಲ ಸಾಮಾನ್ಯವಾಗಿ ರಕ್ತದ್ದು, ಅಂದೇ ಆಸ್ಪತ್ರೆಗೆ ಹೋಗಬೇಕಾದದ್ದು. ಕೆಂಪು ರಕ್ತ ಕಂಡರಂತೂ ಎಲ್ಲರೂ ತಾವೇ ಮೂಲವ್ಯಾಧಿ ಎಂದು ತೀರ್ಮಾನಿಸುತ್ತಾರೆ. ಆಪರೇಷನ್ ಇಲ್ಲದೆ ಗುಣಪಡಿಸುತ್ತೇವೆಂಬ ಗೋಡೆಬರಹಗಳಿಗೆ ಬರವಿಲ್ಲ. ಐವತ್ತು ದಾಟಿದವರಲ್ಲಿ ಮೂಲವ್ಯಾಧಿ ಇದ್ದರೂ ಅದರ ಜೊತೆಗೆ ಕರುಳಿನ ಗಡ್ಡೆ ಇರಬಹುದು. ಬೆರಳಿಟ್ಟು ಪರೀಕ್ಷಿಸದೆ ಮುಲಾಮು ಬರೆದುಕೊಡುವ ಡಾಕ್ಟರ ಮೇಲೂ ನನಗೆ ನಂಬಿಕೆಯಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ನೆನಪಿರಬೇಕು: ಕರುಳಿನ ಕ್ಷಯ. ಬಲಗಡೆ ಕೆಳಹೊಟ್ಟೆ ನೋವು, ಸಂಜೆ ಜ್ವರ, ಇಳಿಯುವ ತೂಕ, ಆದರೆ ಕೆಮ್ಮೇ ಇಲ್ಲ. ನೋಡಲು ಇದು ಕರುಳು ಉರಿಯೂತಗೊಳ್ಳುವ ಕ್ರೋನ್ಸ್ ಕಾಯಿಲೆಯಂತೆಯೇ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ. ಕೊಳವೆಯಿಂದ ಕರುಳನ್ನು ನೋಡುವ ಕೊಲೊನೋಸ್ಕೋಪಿ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗಳಿಂದ ಇವೆರಡನ್ನೂ ಬೇರ್ಪಡಿಸುವುದು ತಜ್ಞರ ಕೆಲಸವೇ.

ಹೃದಯಾಘಾತವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಬೆವರು, ಎದೆಬಿಗಿತ, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಹೊಟ್ಟೆಯ ಡಾಕ್ಟರೂ ಬೇಡ, ಮೊದಲು ಇಸಿಜಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಬರೀ ಹೊಟ್ಟೆತೊಳಸಿನಂತೆ ಬರುವುದುಂಟು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಕೆಳಗೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ ಓದಿಸುವ ವ್ಯವಸ್ಥೆ ಬಂದಿದೆ.

ಹಾಗೆಂದು ತೇಗು ಬಂದವರೆಲ್ಲ ತಜ್ಞರ ಬಾಗಿಲಲ್ಲಿ ಸಾಲುಗಟ್ಟಬೇಕಿಲ್ಲ. ಮೂವತ್ತರ ಹುಡುಗನಿಗೆ ಹೊಟ್ಟೆಯುಬ್ಬರ, ಪರೀಕ್ಷೆಯೋ ಇಂಟರ್‌ವ್ಯೂವೋ ಇದ್ದ ಬೆಳಿಗ್ಗೆ ಮೂರು ಸಲ ಶೌಚ, ರಾತ್ರಿ ಮಾತ್ರ ಗಾಢನಿದ್ರೆ, ತೂಕ ಇದ್ದ ಹಾಗೇ ಇದೆ ಎಂದರೆ ಮನೆ ಡಾಕ್ಟರೇ ಸಾಕು. ಒಂದೆರಡು ವಾರ ಹಾಲು ಬಿಟ್ಟು ನೋಡಿದರೆ ಕೆಲವರಿಗೆ ಅಲ್ಲೇ ಉತ್ತರ ಸಿಗುತ್ತದೆ. ನಿದ್ದೆಯಿಂದ ಎಬ್ಬಿಸುವ ಭೇದಿ ಮಾತ್ರ ಬೇರೆ ಲೆಕ್ಕ.

ಹುಣ್ಣು ಚಿಂತೆಯಿಂದ, ಖಾರದಿಂದ ಬರುತ್ತದೆಂದು ಲೋಕವೇ ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯವೇ ಅದಕ್ಕೆ ಕಾರಣವೆಂದು ತೋರಿಸಲು ಅದನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಜೊತೆಗಾರ ರಾಬಿನ್ ವಾರೆನ್ ಅವರೊಂದಿಗೆ 2005ರಲ್ಲಿ ನೊಬೆಲ್ ಬಂತು. ಈ ಬ್ಯಾಕ್ಟೀರಿಯ ಇದೆಯೇ ಎಂದು ಮಲಪರೀಕ್ಷೆಯಲ್ಲೇ ತಿಳಿಯಬಹುದು, ಆದರೆ ಆಮ್ಲದ ಮಾತ್ರೆಯನ್ನು ಎರಡು ವಾರ, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಮೊದಲೇ ಬಿಟ್ಟಿರಬೇಕು. ಇಲ್ಲದಿದ್ದರೆ ಇದ್ದದ್ದೂ ಇಲ್ಲವೆಂದು ತೋರಬಹುದು.

ತಜ್ಞರಲ್ಲಿಗೆ ಹೋಗುವಾಗ ಹಳೆಯ ರಿಪೋರ್ಟುಗಳ ಜೊತೆ ನುಂಗುವ ಎಲ್ಲ ಮಾತ್ರೆ, ಚೂರ್ಣಗಳನ್ನೂ ಒಯ್ಯಿರಿ. ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ತಿನ್ನುವವರು ಅದನ್ನು ಹೊಟ್ಟೆಯ ಡಾಕ್ಟರಿಗೆ ಹೇಳುವುದೇ ಇಲ್ಲ, ಎಷ್ಟೋ ಹುಣ್ಣುಗಳ ಮೂಲ ಅದೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಯಿದೆ. ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಎಂದ ಕೂಡಲೇ ಹೆದರುವವರು ಬಹಳ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಐದು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಆರೆಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸುವಂತಿಲ್ಲ, ಮನೆಗೆ ಕರೆದೊಯ್ಯಲು ಜೊತೆಗೊಬ್ಬರಿರಲಿ.